ನಿಂತ ಚಿತ್ರ ನಡೆಯುವ ಬಗೆ



ಬೆಂಗಳೂರು ಮೆಟ್ರೋದ ಹಸಿರು ಮಾರ್ಗದಲ್ಲಿ ಗೊರಗುಂಟೆಪಾಳ್ಯದಿಂದ ಪೀಣ್ಯ, ಜಾಲಹಳ್ಳಿಗಳ ಕಡೆಗೆ ನೀವು ಪ್ರಯಾಣ ಮಾಡಿದ್ದರೆ, ಕಿಟಕಿಯಾಚೆಗಿನ ನೋಟವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಹಳಿಗೆ ಹತ್ತಿರದ ಜಾಹೀರಾತು ಫಲಕಗಳು, ಬೀದಿದೀಪದ ಕಂಬಗಳು ಕಣ್ಣಿಗೆ ನಿಲ್ಲದಷ್ಟು ವೇಗವಾಗಿ ಹಿಂದಕ್ಕೆ ಓಡುತ್ತವೆ. ಅವುಗಳಾಚೆಗಿನ ಕಾರ್ಖಾನೆಗಳ ತಗಡಿನ ಛಾವಣಿಗಳು ಸಾವಕಾಶವಾಗಿ ಸರಿಯುತ್ತವೆ. ಇನ್ನೂ ದೂರದ ಎತ್ತರದ ಕಟ್ಟಡಗಳು ಅಲುಗಿದಂತೆಯೇ ತೋರುವುದಿಲ್ಲ. ಸಂಜೆಯಾಗಿ ಚಂದ್ರ ಮೂಡಿದ್ದರೆ ಅವನಂತೂ ನಿಮ್ಮ ಜೊತೆಯಲ್ಲೇ ಪ್ರಯಾಣ ಮಾಡುತ್ತಾನೆ! ನಿಜಕ್ಕೂ ಕಂಬವೂ ಓಡಿಲ್ಲ, ಛಾವಣಿಯೂ ಸರಿದಿಲ್ಲ. ಸರಿದದ್ದು ನೀವು ಮಾತ್ರ.

ನೋಡುವವನು ಸ್ಥಳ ಬದಲಿಸಿದಾಗ ಹತ್ತಿರದ ವಸ್ತು ಹೆಚ್ಚಾಗಿಯೂ ದೂರದ ವಸ್ತು ಕಡಿಮೆಯಾಗಿಯೂ ಸರಿದಂತೆ ಕಾಣುವ ಈ ಸಂಗತಿಗೆ ಪ್ಯಾರಲಾಕ್ಸ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಸ್ಥಾನಪಲ್ಲಟ ಎನ್ನಬಹುದು. ನಮ್ಮ ಪ್ರಾಚೀನ ಖಗೋಳ ಗ್ರಂಥಗಳು ಗ್ರಹಣದ ಲೆಕ್ಕದಲ್ಲಿ ಇದನ್ನು 'ಲಂಬನ' ಎಂದು ಕರೆದು ಗಣನೆಗೆ ತೆಗೆದುಕೊಂಡಿದ್ದವು. 1838ರಲ್ಲಿ ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ ಇದೇ ತತ್ತ್ವವನ್ನು ಬಳಸಿ ಒಂದು ನಕ್ಷತ್ರದ ದೂರವನ್ನು ಅಳೆದು ಪ್ರಕಟಿಸಿದನು. ನಕ್ಷತ್ರವನ್ನು ಅಳೆಯಲು ನೆರವಾದ ಅದೇ ತತ್ತ್ವ, ಗೋಡೆಯ ಮೇಲೆ ತೂಗುಹಾಕಿದ ಹಳೆಯ ಛಾಯಾಚಿತ್ರವೊಂದಕ್ಕೆ ಚಲನೆ ಕೊಡಲೂ ನೆರವಾಗುತ್ತದೆ. ಅದು ಹೇಗೆ, ಹಾಗೆ ಮಾಡುವಾಗ ನಾವು ಯಾವ ಎಚ್ಚರ ವಹಿಸಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ಸಣ್ಣ ಪ್ರಯೋಗ. ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿ. ಅನಂತರ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿ. ಎದುರಿನ ಗೋಡೆ ನಿಂತಲ್ಲೇ ಇದ್ದು ಹೆಬ್ಬೆರಳು ಮಾತ್ರ ಪಕ್ಕಕ್ಕೆ ಹಾರಿದಂತೆ ಕಾಣುತ್ತದೆ. ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6 ಸೆಂಟಿಮೀಟರು. ಅಷ್ಟು ಅಲ್ಪ ಅಂತರದಿಂದ ಉಂಟಾಗುವ ಪಲ್ಲಟದಿಂದಲೇ ನಮ್ಮ ಮಿದುಳು ಯಾವುದು ಹತ್ತಿರ, ಯಾವುದು ದೂರ ಎಂದು ತೀರ್ಮಾನಿಸುತ್ತದೆ.

ಛಾಯಾಚಿತ್ರವೇ ಆಧಾರವಾದಾಗ

ನಿಮ್ಮ ಶಾಲೆ ಅಥವಾ ಕಾಲೇಜಿನವರು ಊರಿನ ಚರಿತ್ರೆಯನ್ನು ಕುರಿತು ಹತ್ತು ನಿಮಿಷದ ಒಂದು ವೀಡಿಯೋ ಚಿತ್ರ ಮಾಡಲು ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಹೊರವಲಯದಲ್ಲಿ ಇದಕ್ಕೆ ವಿಷಯದ ಬರವಿಲ್ಲ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಒಂದು ಕೃಷಿ ವಸಾಹತುವಾಗಿ ಆರಂಭವಾಯಿತು. ಪೀಣ್ಯದಲ್ಲಿ 1970ರ ದಶಕದಲ್ಲಿ ಕೈಗಾರಿಕಾ ವಸಾಹತು ಬೆಳೆಯತೊಡಗಿತು. ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ದೂರದೃಷ್ಟಿಯಿಂದಾಗಿ, 1978ರಲ್ಲಿ ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಹೊಸೂರು ರಸ್ತೆಯ ಮೇಲ್ಸೇತುವೆ 2010ರಲ್ಲಿ ಬಂದಿತು, ವೈಟ್‌ಫೀಲ್ಡಿಗೆ ಮೆಟ್ರೋ 2023ರಲ್ಲಿ ಬಂದಿತು, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್ ತಿಂಗಳಿನಲ್ಲಿ ಬಂದಿತು.

ಈಚಿನ ಬದಲಾವಣೆಗಳಿಗೆ ಚಲಿಸುವ ಚಿತ್ರಗಳು ಬೇಕಾದಷ್ಟಿವೆ. ಅವಕ್ಕೂ ಹಿಂದಿನ ಹೊಲ, ತೋಪು, ಕೆರೆ ಏರಿ, ಮೊದಲ ಕಾರ್ಖಾನೆಯ ಬಾಗಿಲು ಇವುಗಳ ವೀಡಿಯೋ ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ. ಇರುವುದು ಮನೆಯ ಟ್ರಂಕಿನಲ್ಲಿ, ಆಲ್ಬಮ್ಮಿನಲ್ಲಿ, ಕಾರ್ಖಾನೆಯ ಕಚೇರಿಯ ಗೋಡೆಯ ಮೇಲೆ ಉಳಿದ ಸ್ಥಿರಚಿತ್ರಗಳು. ದೂರದರ್ಶನದ ಪರದೆಯ ಮೇಲೆ ಒಂದು ಸ್ಥಿರಚಿತ್ರವನ್ನು ಎಂಟು ಸೆಕೆಂಡು ಹಾಗೆಯೇ ನಿಲ್ಲಿಸಿದರೆ ನೋಡುವವರ ಗಮನ ಬೇರೆಡೆಗೆ ಹರಿಯುತ್ತದೆ. ಸಂಕಲನಕಾರರು ಚಿತ್ರಕ್ಕೆ ಚಲನೆ ಕೊಡಲು ಯತ್ನಿಸುವುದು ಇದಕ್ಕಾಗಿಯೇ.

ಈ ಯತ್ನ ಹೊಸದಲ್ಲ. 1957ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ 'ಸಿಟಿ ಆಫ್ ಗೋಲ್ಡ್' ಎಂಬ ಸಾಕ್ಷ್ಯಚಿತ್ರದಲ್ಲಿ ಚಿನ್ನದ ಬೇಟೆಯ ಕಾಲದ ಹಳೆಯ ಛಾಯಾಚಿತ್ರಗಳ ಮೇಲೆ ಕ್ಯಾಮೆರಾವನ್ನು ನಯವಾಗಿ ಚಲಿಸಿ ತೋರಿಸಿದರು. 1990ರಲ್ಲಿ ಅಮೆರಿಕದ ಕೆನ್ ಬರ್ನ್ಸ್ ತಮ್ಮ 'ದಿ ಸಿವಿಲ್ ವಾರ್' ಮಾಲಿಕೆಯಲ್ಲಿ ಈ ವಿಧಾನವನ್ನು ಎಷ್ಟು ಸಮರ್ಥವಾಗಿ ಬಳಸಿದರೆಂದರೆ ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ಅದು ಚಿತ್ರವನ್ನು ಇಡಿಯಾಗಿ ಸರಿಸುವ ಅಥವಾ ಹಿಗ್ಗಿಸುವ ವಿಧಾನ. 2002ರ 'ದಿ ಕಿಡ್ ಸ್ಟೇಸ್ ಇನ್ ದಿ ಪಿಕ್ಚರ್' ಎಂಬ ಸಾಕ್ಷ್ಯಚಿತ್ರ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಛಾಯಾಚಿತ್ರದೊಳಗಿನ ವ್ಯಕ್ತಿಗಳನ್ನು ಹಿನ್ನೆಲೆಯಿಂದ ಬಿಡಿಸಿ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ಚಲಿಸುವ ವಿಧಾನ ಅದರಿಂದ ಬಹಳ ಪ್ರಚಾರ ಪಡೆಯಿತು.

ಹಿಗ್ಗಿಸುವುದಕ್ಕೂ ನಡೆಯುವುದಕ್ಕೂ ವ್ಯತ್ಯಾಸ

ಚಿತ್ರವನ್ನು ಹಿಗ್ಗಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಒಂದು ಲೆಕ್ಕದಿಂದ ಉತ್ತರ ಹೇಳೋಣ. ಒಂದು ಕಾರ್ಖಾನೆಯ ಮುಂದೆ ಕಾರ್ಮಿಕರು ಸಾಲಾಗಿ ನಿಂತಿದ್ದಾರೆ. ಕ್ಯಾಮೆರಾದಿಂದ ಅವರು 5 ಮೀಟರು ದೂರದಲ್ಲಿದ್ದಾರೆ, ಕಟ್ಟಡ 20 ಮೀಟರು ದೂರದಲ್ಲಿದೆ, ಹಿಂದಿನ ನೀರಿನ ಟ್ಯಾಂಕು 200 ಮೀಟರು ದೂರದಲ್ಲಿದೆ. ನೀವು ನಿಜವಾಗಿಯೂ 1 ಮೀಟರು ಮುಂದೆ ನಡೆದರೆ ಕಾರ್ಮಿಕರ ದೂರ 5ರಿಂದ 4 ಮೀಟರಿಗೆ ಇಳಿಯುತ್ತದೆ. ಅವರು 1.25 ಪಟ್ಟು ದೊಡ್ಡದಾಗಿ ಕಾಣುತ್ತಾರೆ. ಕಟ್ಟಡದ ದೂರ 20ರಿಂದ 19ಕ್ಕೆ ಇಳಿದು ಅದು 1.05 ಪಟ್ಟು ಮಾತ್ರ ಹಿಗ್ಗುತ್ತದೆ. ನೀರಿನ ಟ್ಯಾಂಕಿನ ಗಾತ್ರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇ ಆಗುವುದಿಲ್ಲ.

ಬರಿಯ ಹಿಗ್ಗಿಸುವಿಕೆಯಲ್ಲಿ ಈ ಮೂರೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಆದ್ದರಿಂದ ಕಣ್ಣಿಗೆ 'ಇದು ಒಂದು ಕಾಗದ, ಅದು ನನ್ನ ಹತ್ತಿರಕ್ಕೆ ಬರುತ್ತಿದೆ' ಎಂದು ಅನಿಸುತ್ತದೆಯೇ ಹೊರತು 'ನಾನು ಆ ಅಂಗಳದೊಳಕ್ಕೆ ಕಾಲಿಟ್ಟೆ' ಎಂದು ಅನಿಸುವುದಿಲ್ಲ. ಆ ಎರಡನೆಯ ಅನುಭವ ಬೇಕಾದರೆ ಚಿತ್ರದ ಹತ್ತಿರದ ಭಾಗವನ್ನೂ ದೂರದ ಭಾಗವನ್ನೂ ಬೇರ್ಪಡಿಸಲೇಬೇಕು.

ನಾಟಕದ ಪರದೆಗಳಂತೆ

ಇದಕ್ಕೆ ನಮ್ಮಲ್ಲೇ ಒಳ್ಳೆಯ ಹೋಲಿಕೆಯಿದೆ. ಗುಬ್ಬಿ ವೀರಣ್ಣನವರ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳ ರಂಗಸ್ಥಳವನ್ನು ಕುರಿತು ನಿಮ್ಮ ಅಜ್ಜ ಅಜ್ಜಿಯರಿಂದ ಕೇಳಿರಬಹುದು. ಹಿಂದೆ ಅರಮನೆಯ ಅಥವಾ ಕಾಡಿನ ಚಿತ್ರ ಬರೆದ ಪರದೆ, ಪಕ್ಕಗಳಲ್ಲಿ ಒಂದರ ಮುಂದೊಂದು ರೆಕ್ಕೆ ಪರದೆಗಳು, ಮುಂದೆ ನಟರು. ಪ್ರತಿಯೊಂದು ಪರದೆಯೂ ಚಪ್ಪಟೆಯೇ. ಆದರೂ ಅವುಗಳ ನಡುವೆ ಅಂತರವಿರುವುದರಿಂದ ಒಟ್ಟಿನಲ್ಲಿ ಆಳ ತೋರುತ್ತದೆ. 1937ರಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೋ ತನ್ನ 'ದಿ ಓಲ್ಡ್ ಮಿಲ್' ಎಂಬ ಕಿರುಚಿತ್ರದಲ್ಲಿ ಬಳಸಿದ ಬಹುತಲ ಕ್ಯಾಮೆರಾದ ಗುಟ್ಟೂ ಇಷ್ಟೇ. ಗಾಜಿನ ಹಾಳೆಗಳ ಮೇಲೆ ಮರ, ಮನೆ, ಆಕಾಶಗಳನ್ನು ಬೇರೆ ಬೇರೆಯಾಗಿ ಬರೆದು, ಒಂದರ ಕೆಳಗೊಂದು ಅಂತರ ಬಿಟ್ಟು ಜೋಡಿಸಿ, ಮೇಲಿನಿಂದ ಚಿತ್ರ ತೆಗೆಯುತ್ತಿದ್ದರು. ಜರ್ಮನಿಯ ಲೊಟ್ಟೆ ರೈನಿಗರ್ ತಮ್ಮ 1926ರ ನೆರಳುಚಿತ್ರದಲ್ಲಿ ಇದಕ್ಕೂ ಮೊದಲೇ ಇಂಥ ಹಲವು ತಲಗಳ ವ್ಯವಸ್ಥೆಯನ್ನು ಬಳಸಿದ್ದರು.

ಇಂದು ಗಾಜಿನ ಹಾಳೆಯ ಕೆಲಸವನ್ನು ಗಣಕಯಂತ್ರದ ಪದರಗಳು ಮಾಡುತ್ತವೆ. ಚಿತ್ರ ತಿದ್ದಲು ಜಿಂಪ್, ಮೂರು ಆಯಾಮದ ಜಾಗದಲ್ಲಿ ಜೋಡಿಸಲು ಬ್ಲೆಂಡರ್ ಎಂಬ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ವೃತ್ತಿಪರರು ಹೆಚ್ಚಾಗಿ ಬಳಸುವ ಆಫ್ಟರ್ ಎಫೆಕ್ಟ್ಸ್ ಮೊದಲು ಬಂದದ್ದು 1993ರಲ್ಲಿ. ಯಾವುದನ್ನು ಬಳಸಿದರೂ ಕ್ರಮ ಒಂದೇ.

ಕೆಲಸದ ಕ್ರಮ

ಮೊದಲನೆಯದು ಚಿತ್ರವನ್ನು ಸ್ಕ್ಯಾನ್ ಮಾಡುವುದು. ಸ್ಟುಡಿಯೋದವರು ಪೋಸ್ಟ್ ಕಾರ್ಡ್ ಸೈಜ್ ಎನ್ನುವ 6 ಅಂಗುಲ ಅಗಲ, 4 ಅಂಗುಲ ಎತ್ತರದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 1800 ಚುಕ್ಕಿಗಳು ಸಿಗುತ್ತವೆ. ಹೈ ಡೆಫಿನಿಷನ್ ವೀಡಿಯೋದ ಅಗಲವೇ 1920 ಚುಕ್ಕಿಗಳು. ಆದ್ದರಿಂದ ಅದು ಸಾಲದು. ಅಂಗುಲಕ್ಕೆ 600ರಂತೆ ಮಾಡಿದರೆ 3600 ಚುಕ್ಕಿಗಳು ದೊರೆತು, ಚಿತ್ರವನ್ನು ಸರಿಸಲು, ಹಿಗ್ಗಿಸಲು ಸಾಕಷ್ಟು ಅವಕಾಶ ಉಳಿಯುತ್ತದೆ. ಸ್ಕ್ಯಾನ್ ಮಾಡಿದ ಮೂಲ ಪ್ರತಿಯನ್ನು ಬೇರೆಯಾಗಿ ಎತ್ತಿಟ್ಟು, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

ಎರಡನೆಯದು ಪದರಗಳನ್ನು ಬಿಡಿಸುವುದು. ನಮ್ಮ ಉದಾಹರಣೆಯಲ್ಲಿ ಕಾರ್ಮಿಕರು ಒಂದು ಪದರ, ಕಟ್ಟಡ ಒಂದು, ಟ್ಯಾಂಕು ಮತ್ತು ಆಕಾಶ ಒಂದು. ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಒರಟಾಗಿ ಬಿಡದೆ, ಒಂದೆರಡು ಚುಕ್ಕಿಗಳಷ್ಟು ಮೃದುವಾಗಿಸಬೇಕು. ಕೂದಲು, ಸೀರೆಯ ಸೆರಗು, ಸೈಕಲ್ಲಿನ ಚಕ್ರದ ಕಡ್ಡಿಗಳು ಇವುಗಳ ಸುತ್ತ ತಾಳ್ಮೆ ಬೇಕು.

ಮೂರನೆಯದು ತೂತು ಮುಚ್ಚುವುದು. ಕಾರ್ಮಿಕರನ್ನು ಬಿಡಿಸಿ ತೆಗೆದ ಮೇಲೆ ಕಟ್ಟಡದ ಪದರದಲ್ಲಿ ಅವರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಮುಂದಿನ ಪದರ ಸರಿದಾಗ ಆ ಖಾಲಿ ಜಾಗದ ಅಂಚು ಇಣುಕುತ್ತದೆ. ಪಕ್ಕದ ಗೋಡೆಯ ಬಣ್ಣ, ಗಾರೆ, ನೆರಳುಗಳನ್ನು ನಕಲು ಮಾಡಿ ಆ ಜಾಗವನ್ನು ತುಂಬಬೇಕು.

ನಾಲ್ಕನೆಯದು ದೂರಕ್ಕೆ ತಕ್ಕಂತೆ ನಿಲ್ಲಿಸುವುದು. ಗಣಕಯಂತ್ರದೊಳಗಿನ ಕಾಲ್ಪನಿಕ ಜಾಗದಲ್ಲಿ ಕಾರ್ಮಿಕರ ಪದರವನ್ನು 5 ಘಟಕ ದೂರದಲ್ಲಿಯೂ ಕಟ್ಟಡವನ್ನು 20 ಘಟಕ ದೂರದಲ್ಲಿಯೂ ನಿಲ್ಲಿಸುತ್ತೇವೆ. ದೂರ ನಾಲ್ಕು ಪಟ್ಟಾದರೆ ವಸ್ತು ನಾಲ್ಕನೇ ಒಂದು ಭಾಗದಷ್ಟು ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಕಟ್ಟಡದ ಪದರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಬೇಕು. ಇದು ನೀವು ರೇಖಾಗಣಿತದಲ್ಲಿ ಕಲಿತ ಸಮರೂಪ ತ್ರಿಭುಜಗಳ ನಿಯಮವಲ್ಲದೆ ಬೇರೇನಲ್ಲ. ಹೀಗೆ ಮಾಡಿದಾಗ ನಿಂತ ಸ್ಥಿತಿಯಲ್ಲಿ ಎಲ್ಲ ಪದರಗಳೂ ಕೂಡಿ ಮೂಲ ಛಾಯಾಚಿತ್ರದಂತೆಯೇ ಕಾಣುತ್ತವೆ.

ಐದನೆಯದು ಕಾಲ್ಪನಿಕ ಕ್ಯಾಮೆರಾವನ್ನು ಚಲಿಸುವುದು. ಚಲನೆ ಥಟ್ಟನೆ ಆರಂಭವಾಗಿ ಥಟ್ಟನೆ ನಿಲ್ಲಬಾರದು. ಬಸ್ಸು ನಿಲ್ದಾಣ ಬಿಡುವಾಗ ನಿಧಾನವಾಗಿ ಹೊರಟು, ಮುಂದಿನ ನಿಲ್ದಾಣದಲ್ಲಿ ನಿಧಾನವಾಗಿ ನಿಲ್ಲುವಂತೆ ಇರಬೇಕು. ಐದರಿಂದ ಎಂಟು ಸೆಕೆಂಡುಗಳು ಸಾಕು. ಚೌಕಟ್ಟಿನ ಅಂಚಿನಲ್ಲಿ ಖಾಲಿ ಜಾಗ ಕಾಣದಂತೆ ಒಟ್ಟು ಚಿತ್ರವನ್ನು ತುಸು ದೊಡ್ಡದಾಗಿಯೇ ಇಟ್ಟುಕೊಳ್ಳಿ.

ಒಂದು ಮಾತು. ಹೊಸಬರ ಚಿತ್ರಗಳಲ್ಲಿ ನಿಂತವರ ಪಾದಗಳು ನೆಲದ ಮೇಲೆ ಜಾರಿದಂತೆ ಕಾಣುವುದುಂಟು. ನೆಲ ಒಂದೇ ದೂರದಲ್ಲಿ ಇರುವಂಥದ್ದಲ್ಲ. ಅದು ನಮ್ಮ ಕಾಲಬುಡದಿಂದ ಕಟ್ಟಡದ ತನಕ ಹಾಸಿಕೊಂಡಿರುತ್ತದೆ. ಅದನ್ನು ಕಟ್ಟಡದ ಪದರಕ್ಕೇ ಸೇರಿಸಿಬಿಟ್ಟರೆ ಪಾದ ಜಾರುತ್ತದೆ. ನೆಲವನ್ನು ಬೇರೆ ಪದರವಾಗಿ ಬಿಡಿಸಿ, ಚಾಪೆ ಹಾಸಿದಂತೆ ಮಲಗಿಸಬೇಕು. ಕಾರ್ಮಿಕರ ನೆರಳು ಆ ನೆಲದ ಮೇಲೆಯೇ ಉಳಿಯಬೇಕು. ಅಷ್ಟು ಶ್ರಮ ಬೇಡವೆಂದರೆ ಸೊಂಟದಿಂದ ಮೇಲಿನ ಭಾಗ ಮಾತ್ರ ಕಾಣುವ ಚಿತ್ರವನ್ನು ಆರಿಸಿಕೊಳ್ಳಿ.

ಎಷ್ಟು ಸರಿಸಬೇಕು?

ಈಗ ಮುಖ್ಯವಾದ ಲೆಕ್ಕಕ್ಕೆ ಬರೋಣ. ಕ್ಯಾಮೆರಾದಿಂದ ಎಷ್ಟು ದೂರವೋ ಅಷ್ಟೇ ಅಗಲದ ನೋಟ ಚೌಕಟ್ಟಿನಲ್ಲಿ ತುಂಬಿದೆ ಎಂದು ಸರಳವಾಗಿ ಇಟ್ಟುಕೊಳ್ಳೋಣ. ಎಂದರೆ 5 ಮೀಟರು ದೂರದಲ್ಲಿ 5 ಮೀಟರು ಅಗಲ, 20 ಮೀಟರು ದೂರದಲ್ಲಿ 20 ಮೀಟರು ಅಗಲ. ಆಗ ಪರದೆಯ ಮೇಲೆ ವಸ್ತು ಸರಿಯುವ ಚುಕ್ಕಿಗಳ ಸಂಖ್ಯೆಯನ್ನು ಹೀಗೆ ಕಂಡುಹಿಡಿಯಬಹುದು: ಕ್ಯಾಮೆರಾ ಪಕ್ಕಕ್ಕೆ ಸರಿದ ದೂರವನ್ನು 1920ರಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿ.

ಕ್ಯಾಮೆರಾವನ್ನು 1 ಮೀಟರು ಪಕ್ಕಕ್ಕೆ ಸರಿಸಿದರೆ ಕಾರ್ಮಿಕರು 384 ಚುಕ್ಕಿ, ಕಟ್ಟಡ 96 ಚುಕ್ಕಿ, ನೀರಿನ ಟ್ಯಾಂಕು ಸುಮಾರು 10 ಚುಕ್ಕಿ ಸರಿಯುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ದೂರದ ಬೆಟ್ಟ ನಿಧಾನ ಎಂದೂ ಸೇರಿಸಬಹುದು! ಆದರೆ ಇಲ್ಲಿ ಕಾರ್ಮಿಕರಿಗೂ ಕಟ್ಟಡಕ್ಕೂ ನಡುವೆ 288 ಚುಕ್ಕಿಗಳ ವ್ಯತ್ಯಾಸವಿದೆ. ಅಷ್ಟು ಅಗಲದ ಗೋಡೆಯನ್ನು ನಾವು ಕಾಣದೆಯೇ ಕಲ್ಪಿಸಿ ತುಂಬಬೇಕಾಗುತ್ತದೆ.

ಅದರ ಬದಲು 25 ಸೆಂಟಿಮೀಟರು ಮಾತ್ರ ಸರಿಸೋಣ. ಕಾರ್ಮಿಕರು 96 ಚುಕ್ಕಿ, ಕಟ್ಟಡ 24 ಚುಕ್ಕಿ ಸರಿಯುತ್ತವೆ. ವ್ಯತ್ಯಾಸ 72. ಮೂಲ ಚಿತ್ರದ ಸ್ಥಾನವನ್ನು ಚಲನೆಯ ನಡುಮಧ್ಯದಲ್ಲಿಟ್ಟು, ಅರ್ಧ ಎಡಕ್ಕೆ ಅರ್ಧ ಬಲಕ್ಕೆ ಹಂಚಿದರೆ ಒಂದೊಂದು ಬದಿಯಲ್ಲಿ 36 ಚುಕ್ಕಿ ಮಾತ್ರ ತುಂಬಿದರಾಯಿತು. ನಮ್ಮ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಆರು ಸೆಕೆಂಡಿಗೆ 150. ಪ್ರತಿ ಚೌಕಟ್ಟಿಗೆ ಕಾರ್ಮಿಕರು ಸರಾಸರಿ 0.64 ಚುಕ್ಕಿಯಷ್ಟು ಸರಿಯುತ್ತಾರೆ. ಇದು ಕಣ್ಣಿಗೆ ಹಿತವಾದ, ಉಸಿರಾಟದಂತೆ ಮೆಲ್ಲನೆಯ ಚಲನೆ. ಆಳ ತೋರಲು ಇಷ್ಟು ಸಾಕು.

ಕಾಣದ್ದನ್ನು ಕಾಣಿಸುವಾಗ

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಚಲನೆ ಹೆಚ್ಚಿದಷ್ಟೂ ಕಲ್ಪನೆಯಿಂದ ತುಂಬುವ ಭಾಗ ಹೆಚ್ಚುತ್ತದೆ. ಕಾರ್ಮಿಕನೊಬ್ಬನ ಬೆನ್ನ ಹಿಂದೆ ಏನಿತ್ತು ಎಂಬುದು ಆ ಕ್ಯಾಮೆರಾಕ್ಕೆ ತಿಳಿದಿರಲಿಲ್ಲ. ನಿಮಗೂ ತಿಳಿಯದು. ಆದರೂ ನೀವು ಅಲ್ಲೊಂದು ಗೋಡೆಯನ್ನು ತೋರಿಸುತ್ತೀರಿ. ನೋಡುವವರು ಅದನ್ನು ನಂಬುತ್ತಾರೆ, ಏಕೆಂದರೆ ಪ್ಯಾರಲಾಕ್ಸ್ ಎಂಬುದು ಜೀವಮಾನವಿಡೀ ಅವರ ಕಣ್ಣು ನಂಬಿ ನಡೆದ ಸಾಕ್ಷಿ.

ಸಿನಿಮಾ ಹಾಡಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಊರಿನ ಚರಿತ್ರೆಯಲ್ಲಿ ಹಾಗಲ್ಲ. ಬೆಂಗಳೂರಿನ ಹೊರವಲಯದ ಹಳ್ಳಿಗಳಲ್ಲಿ ರಾಗಿ ಹೊಲ ಇದ್ದಲ್ಲಿ ಇಂದು ಗಾಜಿನ ಕಟ್ಟಡವಿರಬಹುದು, ಕೆರೆಯ ಏರಿ ಇದ್ದಲ್ಲಿ ರಸ್ತೆಯಿರಬಹುದು. ಕೆರೆಯ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು, ಗೋಮಾಳ ಎಲ್ಲಿಗೆ ಮುಗಿಯುತ್ತಿತ್ತು, ಬಾವಿ ಯಾವ ಮರದ ಬಳಿ ಇತ್ತು ಎಂಬುದಕ್ಕೆ ಯಾರದೋ ಮದುವೆಯ ದಿಬ್ಬಣದ ಚಿತ್ರದ ಹಿನ್ನೆಲೆಯೇ ಉಳಿದಿರುವ ಏಕೈಕ ದಾಖಲೆಯಾಗಿರಬಹುದು. ಅದರಲ್ಲಿ ನೀವು ನೀರನ್ನು ನಾಲ್ಕು ಗಜ ಮುಂದಕ್ಕೆ ಹರಿಸಿದರೂ, ಒಂದು ಮರ ನೆಟ್ಟರೂ, ನಾಳೆ ಆ ವೀಡಿಯೋವನ್ನು ನೋಡಿದವರಿಗೆ ಅದೇ ನಿಜವಾಗಿಬಿಡುತ್ತದೆ.

ಈ ಎಚ್ಚರ ಇಂದು ಇನ್ನೂ ಅಗತ್ಯ. 2018ರಲ್ಲಿ ಫೇಸ್‌ಬುಕ್ ಎರಡು ಮಸೂರಗಳ ಫೋನಿನಲ್ಲಿ ತೆಗೆದ ಚಿತ್ರಗಳಿಗೆ ಈ ಬಗೆಯ ಆಳವನ್ನು ತಾನೇ ಕೊಡುವ ಸೌಲಭ್ಯ ತಂದಿತು. 2020ರಲ್ಲಿ ಒಂದೇ ಮಸೂರದ ಸಾಮಾನ್ಯ ಚಿತ್ರಕ್ಕೂ ಅದು ಸಾಧ್ಯವಾಯಿತು. ಲಕ್ಷಾಂತರ ಚಿತ್ರಗಳಿಂದ ಕಲಿತ ಗಣಕಯಂತ್ರವು ಯಾವುದು ಹತ್ತಿರ, ಯಾವುದು ದೂರ ಎಂದು ಊಹಿಸಿ, ಹತ್ತಿರದ್ದು ಬಿಳಿ, ದೂರದ್ದು ಕಪ್ಪು ಎಂಬಂತೆ ಆಳದ ನಕ್ಷೆಯೊಂದನ್ನು ತಯಾರಿಸುತ್ತದೆ. ತೂತುಗಳನ್ನೂ ಅದೇ ತುಂಬುತ್ತದೆ. ನಾಲ್ಕು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಆದರೆ ಅದು ತುಂಬುವುದು ತಾನು ಬೇರೆಡೆ ಕಂಡಿದ್ದನ್ನು, ನಿಮ್ಮೂರಿನಲ್ಲಿ ಇದ್ದದ್ದನ್ನಲ್ಲ. ಕೈಯಲ್ಲಿ ತುಂಬುವವನಿಗೆ ತಾನು ಎಲ್ಲೆಲ್ಲಿ ಕಲ್ಪಿಸಿದೆ ಎಂಬುದಾದರೂ ಗೊತ್ತಿರುತ್ತದೆ.

ಆದ್ದರಿಂದ ಚರಿತ್ರೆಯ ಚಿತ್ರಗಳಿಗೆ ಕೈಹಚ್ಚುವಾಗ ಈ ಕೆಲವು ನಿಯಮಗಳನ್ನು ಪಾಲಿಸಿ. ಚಿತ್ರ ಕೊಟ್ಟ ಮನೆಯವರಿಗೆ ನೀವೇನು ಮಾಡಲಿದ್ದೀರಿ ಎಂದು ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಚಲನೆ ಆರಂಭವಾಗುವ ಮೊದಲು ಮೂಲ ಚಿತ್ರವನ್ನು ಎರಡು ಸೆಕೆಂಡಾದರೂ ಇಡಿಯಾಗಿ, ಅಲುಗದಂತೆ ತೋರಿಸಿ. 'ಮೂಲ ಸ್ಥಿರಚಿತ್ರ, ಚಲನೆ ಸಂಕಲನದಲ್ಲಿ ಸೇರಿಸಿದ್ದು' ಎಂದು ಪರದೆಯ ಮೇಲೆ ಬರೆಯಿರಿ. ಖಾಲಿ ಜಾಗವನ್ನು ಅದೇ ಚಿತ್ರದ ಪಕ್ಕದ ಭಾಗದಿಂದ ಮಾತ್ರ ತುಂಬಿ, ಹೊಸ ಮನುಷ್ಯರನ್ನಾಗಲಿ ಹೊಸ ವಸ್ತುವನ್ನಾಗಲಿ ಸೇರಿಸಬೇಡಿ. ಜಾಗದ ಗಡಿ, ಅಪಘಾತ, ತಂಟೆ ತಕರಾರು ಇಂಥವುಗಳಿಗೆ ಸಾಕ್ಷಿಯಾಗಬಹುದಾದ ಚಿತ್ರವನ್ನು ಮುಟ್ಟಲೇಬೇಡಿ. ಅದನ್ನು ಸ್ಥಿರವಾಗಿಯೇ ತೋರಿಸುವುದು ಮರ್ಯಾದೆ.

ಎಲ್ಲ ಚಿತ್ರಗಳಿಗೂ ಈ ತಂತ್ರ ಒಪ್ಪುವುದೂ ಇಲ್ಲ. ಮುಂದೆ ಒಂದಿಬ್ಬರು ವ್ಯಕ್ತಿಗಳು, ಅವರ ಹಿಂದೆ ಸ್ಪಷ್ಟ ಅಂತರದಲ್ಲಿ ಸರಳವಾದ ಹಿನ್ನೆಲೆ ಇರುವ ಚಿತ್ರ ಉತ್ತಮ. ಗೋಡೆಗೆ ಒರಗಿ ನಿಂತವರ ಚಿತ್ರದಲ್ಲಿ ಆಳವೇ ಇಲ್ಲ. ಜಾತ್ರೆಯ ಜನಜಂಗುಳಿಯಲ್ಲಿ ಯಾರ ಹಿಂದೆ ಯಾರು ಎಂದು ಬಿಡಿಸುವುದು ಕಷ್ಟ. ಹತ್ತು ಚಿತ್ರಗಳ ನಡುವೆ ಎರಡಕ್ಕೆ ಈ ಚಲನೆ ಕೊಟ್ಟರೆ ಅಂದ. ಹತ್ತಕ್ಕೂ ಕೊಟ್ಟರೆ ನೋಡುವವರು ಊರನ್ನು ಬಿಟ್ಟು ನಿಮ್ಮ ತಂತ್ರವನ್ನು ನೋಡತೊಡಗುತ್ತಾರೆ.

ಅಭ್ಯಾಸಕ್ಕೆ

1. ನಿಮ್ಮ ಮನೆಯ ಒಂದು ಹಳೆಯ ಚಿತ್ರವನ್ನು ತೆಗೆದುಕೊಂಡು, ಅದರಲ್ಲಿರುವ ವಸ್ತುಗಳು ಕ್ಯಾಮೆರಾದಿಂದ ಎಷ್ಟೆಷ್ಟು ದೂರದಲ್ಲಿದ್ದಿರಬಹುದು ಎಂದು ಅಂದಾಜು ಮಾಡಿ. ಕ್ಯಾಮೆರಾ 20 ಸೆಂಟಿಮೀಟರು ಸರಿದರೆ ಪ್ರತಿಯೊಂದೂ ಎಷ್ಟು ಚುಕ್ಕಿ ಸರಿಯುತ್ತದೆ ಎಂದು ಲೆಕ್ಕಹಾಕಿ.

2. ಗಣಕಯಂತ್ರ ಇಲ್ಲದವರು ಚಿತ್ರದ ಮೂರು ಜೆರಾಕ್ಸ್ ಪ್ರತಿಗಳನ್ನು ರಟ್ಟಿಗೆ ಅಂಟಿಸಿ, ಮುಂದಿನ, ನಡುವಿನ, ಹಿಂದಿನ ಭಾಗಗಳನ್ನು ಕತ್ತರಿಸಿ, ಪಾದರಕ್ಷೆಯ ಖಾಲಿ ಪೆಟ್ಟಿಗೆಯಲ್ಲಿ ಒಂದರ ಹಿಂದೊಂದು ನಿಲ್ಲಿಸಿ. ಒಂದು ಕಣ್ಣು ಮುಚ್ಚಿ ತಲೆಯನ್ನು ಮೆಲ್ಲನೆ ಅತ್ತಿತ್ತ ಆಡಿಸಿ ನೋಡಿ.

3. ಆ ಚಿತ್ರ ತೆಗೆದಾಗ ಅಲ್ಲಿದ್ದವರು ಯಾರಾದರೂ ಇದ್ದರೆ, ಚಿತ್ರದಲ್ಲಿ ಮರೆಯಾಗಿರುವ ಜಾಗದಲ್ಲಿ ಏನಿತ್ತು ಎಂದು ಕೇಳಿ, ಅವರ ಮಾತನ್ನು ದಿನಾಂಕ ಹಾಕಿ ಚಿತ್ರದ ಜೊತೆಯಲ್ಲೇ ಬರೆದಿಡಿ. ಯಾವ ತಂತ್ರಾಂಶವೂ ತುಂಬಲಾರದ ತೂತನ್ನು ತುಂಬುವವರು ಅವರೇ.